ಇಜೇರಿಯ ಸಾರಿಸದ ಗೋಡೆ

ತಿಪಟೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣ, ನೌಕರಿ ಅರ್ಜಿಗೆ ಅಂಟಿಸುವ ಸಣ್ಣ ಮುಖಗಳು, ಇಷ್ಟೇ ನನ್ನ ಕಸುಬು. ಸ್ಟುಡಿಯೊದ ಗೋಡೆಯ ತುಂಬ ವಧೂವರರು, ತೊಟ್ಟಿಲ ಮಕ್ಕಳು. ಅವರ ನಡುವೆ ಯಾರೂ ಇಲ್ಲದ ಒಂದು ಚಿತ್ರವಿದೆ. ಬಂದವರೆಲ್ಲ ಅದನ್ನು ನೋಡಿ, "ಇದ್ಯಾಕ್ ಸ್ವಾಮಿ, ಖಾಲಿ ಗೋಡೆ ನೇತುಹಾಕಿದೀರಿ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ಬೆಂಗಳೂರಿನಲ್ಲಿ ಕಟ್ಟಡ ವಿದ್ಯೆ ಕಲಿಸುವ ನನ್ನ ಗೆಳೆಯನೊಬ್ಬನಿದ್ದಾನೆ, ರಂಗನಾಥ. ರಾಜ್ಯದ ಗಡಿಯಾಚೆ ಭೂಕಂಪವಾಗಿ ಊರೂರೇ ನೆಲಕಚ್ಚಿದ ಮಾರನೇ ಬೇಸಿಗೆಯಲ್ಲಿ ಅವನು ನನ್ನಲ್ಲಿಗೆ ಬಂದ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಜನ ಹೆದರಿ ಹಳೇ ಮಣ್ಣಿನ ಮನೆಗಳನ್ನು ತಾವೇ ಕೆಡವುತ್ತಿದ್ದಾರೆ, ಅವು ಪೂರ್ತಿ ಹೋಗುವ ಮೊದಲು ಚಿತ್ರ ತೆಗೆದಿಡಬೇಕು, ಪುಸ್ತಕ ಮಾಡುತ್ತೇನೆ ಅಂದ. ನಾಲ್ಕು ರೋಲು ಫಿಲ್ಮು ಕೊಟ್ಟ. ಒಂದೇ ಒಂದು ಷರತ್ತು ಹಾಕಿದ, ಚಿತ್ರದಲ್ಲಿ ಮನುಷ್ಯರು ಇರಬಾರದು. "ಜನ ಇದ್ದರೆ ನೋಡೋರ ಕಣ್ಣು ಅವರ ಮೇಲೇ ಹೋಗುತ್ತೆ ಕಣಯ್ಯ, ಕಟ್ಟಡ ಕಾಣಲ್ಲ" ಎಂದ. ಇಪ್ಪತ್ತು ವರ್ಷ ಬರೀ ಜನರ ಮುಖ ನೋಡಿ ಬೇಸತ್ತಿದ್ದ ನನಗೆ ಆ ಮಾತು ಹಿತವಾಗಿಯೇ ಕೇಳಿಸಿತು.

ಕರ್ನಾಟಕದೊಳಗೇ ಓಡಾಡುವುದಾದರೂ ನನ್ನ ಹೆಂಡತಿ ಹೊರದೇಶಕ್ಕೆ ಕಳಿಸುವವಳ ಹಾಗೆ ಹುಳಿಪುಡಿ, ಕೊಬ್ಬರಿ ಮಿಠಾಯಿ, ಶೀತದ ಗುಳಿಗೆ ಎಲ್ಲ ಕಟ್ಟಿಕೊಟ್ಟಳು. ಗುಲ್ಬರ್ಗಾದಲ್ಲಿ ರೈಲಿಳಿದು ನೋಡಿದರೆ ಅವಳು ತಿಳಿದದ್ದು ತಪ್ಪೇನೂ ಅಲ್ಲ ಅನ್ನಿಸಿತು. ತೆಂಗಿನ ಮರವೇ ಇಲ್ಲದ ಬಯಲು, ಕಪ್ಪು ಎರೆಮಣ್ಣು, ಬೆಳಿಗ್ಗೆ ಎಂಟಕ್ಕೇ ತಲೆ ಸುಡುವ ಬಿಸಿಲು. ಕನ್ನಡವೇ ಆಡುತ್ತಿದ್ದರೂ ನಾನು ಪ್ರತಿ ಮಾತನ್ನೂ ಎರಡು ಸಲ ಕೇಳಿಸಿಕೊಳ್ಳುತ್ತಿದ್ದೆ.

ಸರಸಂಬಾ

ಗೆಳೆಯ ಗೊತ್ತುಮಾಡಿದ್ದ ಜೀಪಿನ ಚಾಲಕ ಖಾಸಿಂಸಾಬ್, ಐವತ್ತು ದಾಟಿದ ಮನುಷ್ಯ. ಜೀಪಿಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸಿರಬೇಕು. ಅದರ ಒಂದು ದೀಪ ಮಾತ್ರ ಉರಿಯುತ್ತಿತ್ತು. ಹಾರ್ನ್ ಬಾರಿಸುವ ಬದಲು ಅವನು ತಲೆ ಹೊರಗೆ ಹಾಕಿ, "ಜರಾ ಬಾಜೂ ಸರೀರಿ ಯಪ್ಪಾ" ಎಂದು ಎಮ್ಮೆಗಳಿಗೂ ಮರ್ಯಾದೆಯಿಂದಲೇ ಹೇಳುತ್ತಿದ್ದ.

ಆಳಂದ ದಾಟಿ ಸರಸಂಬಾ ತಲುಪಿದಾಗ ಊರು ತನ್ನ ಮನೆಗಳ ಹೊರಗೆ ಕೂತಿತ್ತು. ಎರಡಾಳು ಉದ್ದದ ಕಲ್ಲುಗೋಡೆ, ಕೆತ್ತಿದ ಚೌಕಟ್ಟು, ಮೇಲೆ ಮೊಳದಷ್ಟು ಮಣ್ಣು ಹೇರಿದ ಮಾಳಿಗೆ. ಅಂಥ ಮನೆಗಳ ಮುಂದೆಯೇ ಜೋಳದ ದಂಟಿನ ಗುಡಿಸಲು ಹಾಕಿಕೊಂಡು ಜನ ಒಲೆ ಹೂಡಿದ್ದರು. ನಮ್ಮ ಕಡೆ ಹೆಂಚಿನ ಮನೆಗಳು, ಮಳೆಯಲ್ಲಿ ಸೋರುತ್ತವೆ ಅನ್ನುವುದೊಂದೇ ನಮ್ಮ ದೂರು. ಇವರು ಬಿಸಿಲಿಗೆ ತಂಪಾಗಲೆಂದು ತಲೆಯ ಮೇಲೆ ಹೊತ್ತ ಮಣ್ಣೇ ಈಗ ಇವರ ಎದೆಯ ಮೇಲೆ ಕೂತಿತ್ತು.

ಒಬ್ಬ ಯಜಮಾನ ನನ್ನನ್ನು ತನ್ನ ಮನೆಯ ಹೊಸ್ತಿಲವರೆಗೂ ಕರೆದುಕೊಂಡು ಹೋಗಿ ಅಲ್ಲಿಯೇ ನಿಂತ.

"ಹೋಗ್ರಿ, ನೋಡ್ಕೋರಿ. ಲಗೂನ ಹೊರಗ ಬರ್ರಿ ಮತ್ತ."

"ನೀವು ಬರಲ್ವ?"

"ಇಲ್ರಿ. ನೆಲ ನಡುಗಿದ ಆ ಮುಂಜಾನಿ ಹೊರಗ ಓಡಿ ಬಂದೇನಿ, ಮತ್ತ ಒಳಗ ಹೋಗಿಲ್ಲ. ನಮ್ಮಪ್ಪ ಕಟ್ಟಿದ ಮನಿರಿ ಇದು. ಅದರ ಮ್ಯಾಲ ಸಿಟ್ಟಿಲ್ಲ, ಅಂಜಿಕಿ ಅದ."

ಒಳಗೆ ಗೂಡಿನಲ್ಲಿಟ್ಟ ದೀಪದ ಬಟ್ಟಲು ಹಾಗೇ ಇತ್ತು. ಗಳುವಿನ ಮೇಲೆ ಆರಹಾಕಿದ ಪಂಚೆಗೆ ಧೂಳು ಕೂತಿತ್ತು. ಚಿತ್ರ ತೆಗೆಯುವಾಗ ನನಗೂ ಮಾಳಿಗೆಯ ಮೇಲೆಯೇ ಕಣ್ಣು. ಹೊರಗೆ ಬಂದಾಗ ಅವನು, "ಹ್ಯಾಂಗ ಅದರಿ ಒಳಗ?" ಎಂದು ಕೇಳಿದ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಿಕೊಂಡು ಬಂದವರನ್ನು ಕೇಳುವ ಹಾಗೆ. ಚೆನ್ನಾಗಿದೆ ಅಂದೆ.

ಆ ಕಡೆಯ ಹಳ್ಳಿಗಳಲ್ಲಿ ಎರಡು ರೋಲು ಮುಗಿದವು. ಪ್ರತಿ ಬಾಗಿಲಿಗೂ ಜನ ಬಂದು ನಿಲ್ಲುತ್ತಿದ್ದರು, ಪ್ರತಿ ಸಲವೂ ನಾನು ಅವರನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಖಾಸಿಂ ಒಮ್ಮೆ ಕೇಳಿಯೇಬಿಟ್ಟ, "ಸಾಬ್, ಮನಿಯವರನ್ನ ಮನಿ ಮುಂದಿಂದ ಎಬ್ಬಿಸಾಕತ್ತೀರಲ್ಲ, ಯಾವ ಊರ ಪದ್ಧತಿರಿ ಇದು?" ಪುಸ್ತಕದ ಪದ್ಧತಿ ಅಂದೆ.

ಅಫಜಲಪುರದ ದಾರಿ

ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ನನ್ನ ಮೂರನೇ ರೋಲು ಹೋಯಿತು. ಅಲ್ಲಿಯ ಗೌಡರ ಮನೆ ನೋಡುವಂಥದ್ದು. ಅಗಸೆಬಾಗಿಲಲ್ಲಿ ಎರಡು ಎತ್ತಿನ ಗಾಡಿ ಒಟ್ಟಿಗೆ ಹಾಯಬಹುದು. ಬೆಳಗಿನಿಂದ ಕಷ್ಟಪಟ್ಟು ಮೂವತ್ತು ಚಿತ್ರ ತೆಗೆದು, ಕ್ಯಾಮರಾ ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಎಪ್ಪತ್ತರ ಗೌಡರು ಅದರ ಹಿಂಬದಿ ತೆರೆದು, ಕಣ್ಣಿನ ಹತ್ತಿರ ಹಿಡಿದು ಸೂರ್ಯನ ಕಡೆ ತಿರುಗಿಸಿ ನೋಡುತ್ತಿದ್ದರು.

"ಇದರಾಗ ನಮ್ಮ ಮನಿ ಎಲ್ಲೈತ್ರಿ? ಬರೇ ಕರ್ರಗ ಅದಲ್ಲ!"

ನನ್ನ ಬಾಯಿಂದ ಏನು ಬಂತೋ ಅದು ಬರೆಯುವಂಥದ್ದಲ್ಲ. ಬೆಳಕು ಬಿದ್ದರೆ ಫಿಲ್ಮು ಸತ್ತ ಹಾಗೆ ಎಂದು ಖಾಸಿಂ ಅವರಿಗೆ ತಿಳಿಸಿ ಹೇಳಿದ. ಗೌಡರ ಮುಖ ಬಾಡಿತು. "ತಪ್ಪಾತ್ರಿ. ನಮ್ಮ ಮನಿ ಒಳಗ ಹೋಗಿ ಕುಂತದಂತ ತಿಳದು ನೋಡಾಕ ಹೋದೆ" ಎಂದು ನನ್ನಂಥ ಚಿಕ್ಕವನ ಮುಂದೆ ಕೈ ಮುಗಿದರು. ನಾನು ಬಿಗಿದ ಮುಖ ಸಡಿಲಿಸಲಿಲ್ಲ. ಊಟಕ್ಕೆ ಕೂರಿಸಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಬಡಿಸಿದರು. ಗೌಡರು ತಾವು ಮಾತ್ರ ಕೂರದೆ ನನ್ನ ತಟ್ಟೆಯನ್ನೇ ನೋಡುತ್ತ ನಿಂತಿದ್ದರು. ಉಂಡೆದ್ದು ಆ ಮನೆಯದನ್ನೇ ಮತ್ತೆ ಹತ್ತು ಹದಿನೈದು ಚಿತ್ರ ತೆಗೆದೆ. ಉಳಿದ ಒಂದೇ ರೋಲು ಹೀಗೆ ಅಲ್ಲಿಯೇ ಅರ್ಧವಾಯಿತು. ಅಲ್ಲಿಂದ ಮುಂದೆ ಒಂದೊಂದು ಚಿತ್ರಕ್ಕೂ ಜಿಪುಣನಾದೆ.

ಇಜೇರಿ

ಜೇವರ್ಗಿ ಸೀಮೆಯ ದೊಡ್ಡ ಊರು ಇಜೇರಿ. ಅಲ್ಲಿಗೆ ಬರುವಾಗ ರೋಲಿನಲ್ಲಿ ಆರು ಚಿತ್ರಗಳಷ್ಟೇ ಉಳಿದಿದ್ದವು. ಮುಂದಿನ ಅಂದೋಲಾದ ಮಠದ ಹಳೇ ಬಾಗಿಲನ್ನು ತಪ್ಪಿಸಬೇಡ ಎಂದು ರಂಗನಾಥ ಒತ್ತಿ ಹೇಳಿದ್ದ. ಹಾಗಾಗಿ ಇಜೇರಿಗೆ ಎರಡೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ನಾವು ಹುಡುಕಿಕೊಂಡು ಹೋದದ್ದು ನೀಲಮ್ಮ ಎಂಬ ಅರವತ್ತೈದರ ಹೆಂಗಸಿನ ಮನೆ. ಮಗ ಶರಣಪ್ಪ ಊರಿನಲ್ಲೇ ಬೇಳೆಕಾಳು ವ್ಯಾಪಾರ ಮಾಡುತ್ತಿದ್ದ. ಮಾರನೇ ದಿನ ಬೆಳಿಗ್ಗೆ ಮಾಳಿಗೆ ಇಳಿಸಲು ಆಳುಗಳಿಗೆ ಹೇಳಿಯಾಗಿತ್ತು. "ಮಕ್ಕಳು ಮಲಗಿದಾಗ ಮ್ಯಾಲಿಂದ ಮಣ್ಣ ಉದುರತದ್ರಿ. ನಾ ಕುಂತು ಕಾಯಬೇಕು. ಸಾಕಾಗೇದ" ಎಂದ ಶರಣಪ್ಪ. ಅವನ ಕಣ್ಣು ನೋಡಿದರೆ ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳೇ ಆದಂತಿತ್ತು.

ಬಾಗಿಲಿಗೆ ಕ್ಯಾಮರಾ ಹಿಡಿದೆ. ನೀಲಮ್ಮ ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆ ಬಂದು ನಿಂತರು.

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?"

"ಯಾಕ್ರಿ, ನಾ ನಿಂತ್ರ ಬಾಗಲಾ ಸಣ್ಣದು ಕಾಣತದೇನು?" ಎಂದು ನಕ್ಕು ಸರಿದರು. ಬಾಗಿಲಿನದೊಂದು, ಪಡಸಾಲೆಯ ಕಂಬಗಳದೊಂದು ತೆಗೆದೆ. ಪ್ರತಿ ಸಲ ಫಿಲ್ಮು ಮುಂದಕ್ಕೆ ಸುತ್ತುವಾಗ ಕ್ಯಾಮರಾ ಕರ್ರ್ ಅನ್ನುವುದನ್ನು ಅವರು ಕುತೂಹಲದಿಂದ ಆಲಿಸುತ್ತಿದ್ದರು.

ಕ್ಯಾಮರಾ ಚೀಲಕ್ಕೆ ಹಾಕಬೇಕು, ಅಷ್ಟರಲ್ಲಿ ಹತ್ತಿರ ಬಂದರು.

"ಸಾಹೇಬ್ರ, ಬಾಗಲಾ ತೆಗದ್ರಿ, ಕಂಬ ತೆಗದ್ರಿ. ನಂದೊಂದು ಮಾತ ಅದರಿ. ಒಳಗ ಒಂದು ಗ್ವಾಡಿ ಅದ. ಅದೊಂದು ತೆಗೀರಿ."

"ಯವ್ವಾ, ಅವರು ಮುಂದಿನೂರಿಗಿ ಹೋಗಬೇಕು. ಬಿಡು" ಎಂದು ಶರಣಪ್ಪ ತಾಯಿಯ ಮುಖ ನೋಡದೆ ಹೇಳಿ, ಖಾಸಿಂನನ್ನು ಕರೆದುಕೊಂಡು ಹೊರಗಿನ ಕಟ್ಟೆಗೆ ಹೋದ.

ಜೋಳ ತುಂಬಿಡುವ ಕತ್ತಲ ಕೋಣೆಗೆ ನೀಲಮ್ಮ ನನ್ನನ್ನು ಕರೆದೊಯ್ದರು. ನಾಳೆ ಕೆಡಹುವ ಮನೆಯನ್ನೂ ಆ ಮನೆಯವರು ಕೆಮ್ಮಣ್ಣಿನಿಂದ ಸಾರಿಸಿಟ್ಟಿದ್ದರು. ಪಡಸಾಲೆ, ಅಡಿಗೆಮನೆ, ಈ ಕೋಣೆಯ ಮೂರು ಗೋಡೆ, ಎಲ್ಲವೂ ನಿನ್ನೆಯೋ ಮೊನ್ನೆಯೋ ಮಾಡಿದಷ್ಟು ಹೊಸದು. ನಾಲ್ಕನೆಯ ಗೋಡೆ ಮಾತ್ರ ಬೂದಿಬಣ್ಣಕ್ಕೆ ತಿರುಗಿ, ಬಿರುಕುಬಿಟ್ಟು, ಧೂಳು ಹಿಡಿದು ನಿಂತಿತ್ತು. ಸೋಮಾರಿತನ ಅಂದುಕೊಂಡೆ. ಅಲ್ಲಿ ಒಂದು ಗೂಡಿಲ್ಲ, ಕೆತ್ತನೆಯಿಲ್ಲ. ಹತ್ತಿರದಿಂದ ನೋಡಿದರೆ ಮೆತ್ತಿದ ಬೆರಳುಗಳ ಗೆರೆ ಕಮಾನು ಕಮಾನಾಗಿ ಕಾಣುತ್ತಿತ್ತು, ಅಷ್ಟೆ.

"ಇದು ನಮ್ಮ..." ಎಂದು ಅವರು ಶುರುಮಾಡಿದರು.

"ಗೊತ್ತಾಯ್ತಮ್ಮ, ತೆಗೀತೀನಿ" ಅಂದೆ. ಹೊತ್ತಾಗುತ್ತಿತ್ತು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಫ್ಲಾಶ್ ದೀಪದ ಬೆನ್ನಿಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಮಾತ್ರ ಹೊಡೆಯುತ್ತದೆ, ಕ್ಯಾಮರಾ ಸುಮ್ಮನಿರುತ್ತದೆ. ಮದುವೆ ಮನೆಗಳಲ್ಲಿ ನಂದೂ ಒಂದು, ನಂದೂ ಒಂದು ಎಂದು ಮೇಲೆ ಬೀಳುವವರಿಗೆ ನಾವೆಲ್ಲ ಹೀಗೆ ಬೆಳಕು ಹೊಡೆದು ಕಳಿಸುತ್ತೇವೆ. ಅವರಿಗೂ ಸಮಾಧಾನ, ಫಿಲ್ಮೂ ಉಳಿಯುತ್ತದೆ. ಆ ಕತ್ತಲ ಕೋಣೆಯಲ್ಲಿ ನಾನು ಕ್ಯಾಮರಾ ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆ ಗುಂಡಿ ಒತ್ತಿದೆ. ಗೋಡೆ ಒಂದು ಕ್ಷಣ ಬೆಳ್ಳಗಾಗಿ ಆರಿತು.

"ಆತೇನ್ರಿ?"

"ಆಯ್ತಮ್ಮ."

ಅವರು ನನ್ನ ಕೈಯನ್ನೂ ಕ್ಯಾಮರಾವನ್ನೂ ಒಂದಿಷ್ಟು ಹೊತ್ತು ನೋಡಿದರು. "ಬಂತೇನ್ರಿ?" ಎಂದು ಮತ್ತೆ ಕೇಳಿದರು.

"ಚೆನ್ನಾಗಿ ಬಂದಿರುತ್ತೆ."

ಅವರು ಹೋಗಿ ಚಹಾ ತಂದುಕೊಟ್ಟರು. ಕುಡಿದೆ.

ಅಂದೋಲಾ

ಮಠದ ಬಾಗಿಲಿನ ಎರಡು ಚಿತ್ರ ತೆಗೆದು ಮುಗಿಸುವಾಗ ಹೊತ್ತು ಇಳಿದಿತ್ತು. ಇನ್ನೆರಡು ಉಳಿದಿದ್ದವು. ಎದುರಿನ ಮನೆಯ ಹೆಂಗಸೊಬ್ಬಳು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಹೊರಗೋಡೆ ಮೆತ್ತುತ್ತಿದ್ದಳು. ಅವಳ ಹೆಸರು ಶಾಂತಮ್ಮ. ಖಾಸಿಂ ಅವಳಲ್ಲಿ ನೀರು ಕೇಳಿ ಕುಡಿದು ಅಲ್ಲೇ ನೆರಳಿಗೆ ಕೂತ. ಅಂಗೈಯಿಂದ ಮಣ್ಣು ಒತ್ತಿ, ನಾಲ್ಕು ಬೆರಳಲ್ಲಿ ಅರ್ಧ ಚಂದ್ರದ ಹಾಗೆ ಎಳೆಯುವ ಅವಳ ಕೈಯನ್ನೇ ನಾನು ನೋಡುತ್ತ ನಿಂತೆ. ನಮ್ಮೂರಲ್ಲಿ ಗೋಡೆಗೆ ಕರಣೆ ಬೇಕು, ಗಾರೆಯವನು ಬೇಕು.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ಎಲ್ಲ ಒಂದೇ ಸಮ ಎಳೀತೀರಲ್ಲ."

"ಎಲ್ಲಿ ಒಂದೇ ಸಮರಿ? ಇದು ನನ್ನ ಕೈ. ಆ ಕಡಿಂದು ನಮ್ಮ ಸೊಸಿ ಕೈ, ಆಕಿ ಎಡಚಿ, ತಿರುಗಾಮುರುಗಾ ಎಳೀತಾಳ. ಯಾವುದು ಯಾರ ಕೈ ಅಂತ ಮನ್ಯಾಗ ಎಲ್ಲರಿಗೂ ಗೊತ್ತಿರತದ. ವರ್ಷಾ ಮೆತ್ತತೇವಿ. ಹಳೇ ಕೈ ಮುಚ್ಚಿ ಹೋಗತಾವ, ಹೊಸಾವು ಬರತಾವ."

"ಒಂದು ಗೋಡೆ ಮಾತ್ರ ಸಾರಿಸದೆ ಬಿಟ್ಟಿದ್ದರೆ?" ಅದು ನನ್ನ ಬಾಯಿಂದ ಹೇಗೆ ಬಂತೋ.

ಅವಳು ಕೈ ನಿಲ್ಲಿಸಿದಳು. "ಹಂಗ ಯಾರೂ ಬಿಡೂದಿಲ್ರಿ. ಮುಚ್ಚಬಾರದು ಅನ್ನೂ ಕೈ ಇದ್ರ ಬಿಡತಾರ."

ಖಾಸಿಂ ನೀರಿನ ಚೊಂಬು ಕೆಳಗಿಟ್ಟ. "ಸಾಬ್, ನೀಲಮ್ಮಾರ ಗ್ವಾಡಿ ಕೇಳಾಕತ್ತೀರೇನ್ರಿ? ಶರಣಪ್ಪ ಹೊರಗ ಕುಂತು ಅದನ್ನ ಹೇಳಿದ. ಅವನ ಅಕ್ಕ ಇದ್ಲಂತ, ಮಹಾದೇವಿ. ಜ್ವಾಳಾ ಕೊಯ್ಯೂ ಮುಂದ ಬಾಜೂದಾಕಿ ಕುಡಗೋಲು ಬಡದು ಬಲಗೈ ನಡುಬೆರಳು ಅರ್ಧಾ ಹೋಗಿತ್ತಂತ. ಲಗ್ನಾಗಿ ಮೊದಲ ಪಂಚಮಿಗಿ ತವರಿಗಿ ಬಂದಾಗ ಮಳಿಗಿ ಆ ಗ್ವಾಡಿ ಮಣ್ಣ ಕಳಚಿತ್ತು, ತಾನೇ ಮಣ್ಣ ತುಳದು ಮೆತ್ತಿದ್ಲಂತ. ಗಂಡನ ಮನಿಗಿ ಹೋಗಿ ತಿಂಗಳಾಗಿಲ್ಲ, ಜ್ವರ ಬಂದು ತೀರ್ಕೊಂಡ್ಲು. ಹದಿನೆಂಟು ವರ್ಷ ಆತ್ರಿ. ಅಂದಿಂದ ಆ ಗ್ವಾಡಿಗಿ ಅವರವ್ವ ಯಾರಿಗೂ ಕೈ ಹಚ್ಚಗೊಟ್ಟಿಲ್ಲ."

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ಆ ಹುಡುಗಿದು ಒಂದು ಫೋಟೊ ಸೈತ ಇಲ್ಲಂತ."

"ನನಗ್ಯಾಕೆ ಆಗಲೇ ಹೇಳಲಿಲ್ಲ?" ಎಂದು ಸಿಡುಕಿದೆ.

"ನೀವು ತೆಗದ್ರಲ್ಲ ಸಾಬ್! ಬೆಳಕು ಹೊಡದದ್ದು ಹೊರಗಿನ ಕಟ್ಟಿ ತನಕ ಕಾಣಸ್ತು. ಶರಣಪ್ಪಗ ಕಣ್ಣಾಗ ನೀರು ಬಂದ್ವು. ನಾನೂ ಖುಷಿ ಆದೆ."

ಆ ಬೂದಿಬಣ್ಣದ ಗೋಡೆ ಆಗ ಕಣ್ಣ ಮುಂದೆ ಬಂತು. ಪ್ರತಿ ಕಮಾನಿನಲ್ಲೂ ಮೂರು ಗೆರೆ ಉದ್ದ, ನಡುವಿನದೊಂದು ಗಿಡ್ಡ. ಕಣ್ಣಿಗೆ ಬಿದ್ದಿತ್ತು, ನಾನು ನೋಡಿರಲಿಲ್ಲ. ಖಾಸಿಂಗೆ ನಡೆದದ್ದನ್ನು ಹೇಳಿದೆ. ಅವನು ಬಯ್ಯಲಿಲ್ಲ, ಬಯ್ದಿದ್ದರೆ ಹಗುರಾಗುತ್ತಿತ್ತು. ಕೂಡಲೇ ಹೊರಡೋಣ ಎಂದರೆ ಒಂಟಿದೀಪದ ಜೀಪನ್ನು ಕತ್ತಲಲ್ಲಿ ಆ ದಾರಿಗೆ ಇಳಿಸಲು ಒಪ್ಪಲಿಲ್ಲ. "ಹೊತ್ತು ಹೊಂಡಾಕ ಹೋಗೋಣ್ರಿ" ಎಂದ, ಅಂದರೆ ಸೂರ್ಯ ಹುಟ್ಟುವಾಗ. ಅದುವರೆಗೆ ಎಷ್ಟು ಜನರಿಗೆ ಬರೀ ಬೆಳಕು ಹೊಡೆದು ಕಳಿಸಿದ್ದೆನೋ, ಆ ರಾತ್ರಿ ಎಲ್ಲರ ಮುಖವೂ ನೆನಪಾಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮತ್ತೆ ಇಜೇರಿ

ಊರ ಹೊರಗಿನಿಂದಲೇ ಧೂಳು ಏಳುವುದು ಕಾಣಿಸಿತು. ಖಾಸಿಂ ಮೊದಲ ಸಲ ಎಮ್ಮೆಗಳಿಗೆ ಮರ್ಯಾದೆ ಕೊಡದೆ ಜೀಪು ಓಡಿಸಿದ.

ಬಿಸಿಲೇರುವ ಮೊದಲೇ ಮುಗಿಸಲೆಂದು ಬೆಳಗಿನ ಜಾವಕ್ಕೇ ಕೆಲಸ ಶುರುವಾಗಿತ್ತು. ಜೋಳದ ಕೋಣೆಯ ಮೇಲಿನ ಮಣ್ಣನ್ನೆಲ್ಲ ಇಳಿಸಿ, ತೊಲೆ ಜಂತಿ ಕಿತ್ತು ಅಂಗಳದಲ್ಲಿ ಒಟ್ಟಿದ್ದರು. ಪೂರ್ವದ ಗೋಡೆ ಆಗಲೇ ಬಿದ್ದಿತ್ತು. ಆಳುಗಳು ಕೈಯಿಂದ ಕೈಗೆ ಬುಟ್ಟಿ ದಾಟಿಸುತ್ತಿದ್ದರು. ಬಾಗಿಲಿಲ್ಲದ ಚೌಕಟ್ಟಿನೊಳಗೆ ಓಡಿದೆ.

ಆ ಗೋಡೆ ಇತ್ತು. ಅದರೆದುರು ಬಿಚ್ಚಿಟ್ಟ ತೊಲೆಯೊಂದರ ಮೇಲೆ ನೀಲಮ್ಮ ಕೂತಿದ್ದರು.

"ಮತ್ತ್ಯಾಕ ಬಂದ್ರಿ ಸಾಹೇಬ್ರ? ಏನರ ಮರತು ಹೋಗಿದ್ರೇನು?" ಎಂದು ಶರಣಪ್ಪ ಪಕ್ಕದ ಕೋಣೆಯ ಮಾಳಿಗೆ ಮೇಲಿನಿಂದಲೇ ಕೂಗಿದ.

ನಾನು ನೀಲಮ್ಮನವರ ಹತ್ತಿರ ಹೋಗಿ ನೆಲದ ಮೇಲೆ ಕೂತೆ. "ಅಮ್ಮಾ, ನಿನ್ನೆ ನಾನು ಫೋಟೊ ತೆಗೀಲಿಲ್ಲ. ಸುಳ್ಳು ಹೇಳಿದೆ."

"ಗೊತ್ತದ್ರಿ" ಎಂದರು ಅವರು.

ನಾನು ತಲೆ ಎತ್ತಿದೆ.

"ಬಾಗಲಾ ತೆಗದಾಗ ಕರ್ರ್ ಅಂತು, ಕಂಬ ತೆಗದಾಗ ಕರ್ರ್ ಅಂತು. ನನ್ನ ಗ್ವಾಡಿಗಿ ಬರೇ ಬೆಳಕು ಬಂತು. ಆಗಲೇ ತಿಳೀತು."

"ಮತ್ತೆ ಯಾಕಮ್ಮ ಕೇಳಲಿಲ್ಲ?"

"ಏನಂತ ಕೇಳಲ್ರಿ? ಮನಿಗಿ ಬಂದ ಮಂದಿ ನೀವು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇದೊಂದು ಗ್ವಾಡಿ ಕಡೀಕ ಕೆಡವ್ರಪ್ಪಾ ಅಂತ ಮಗಗ ಹೇಳಿ, ನೋಡ್ಕೋತ ಕುಂತೇನಿ."

ಹದಿನೆಂಟು ವರ್ಷ ಬೆಳಕು ಕಾಣದ ಗೋಡೆಯ ಮೇಲೆ ಬೆಳಗಿನ ಎಳೆ ಬಿಸಿಲು ಓರೆಯಾಗಿ ಸವರಿಕೊಂಡು ಹೋಗುತ್ತಿತ್ತು. ನಿನ್ನೆ ನಾನು ನಿಜವಾಗಿ ತೆಗೆದಿದ್ದರೂ ನೇರ ಬೀಳುವ ಫ್ಲಾಶಿನ ಬೆಳಕಿಗೆ ಏನೂ ಮೂಡುತ್ತಿರಲಿಲ್ಲ. ಈಗ ಒಂದೊಂದು ಬೆರಳಿಗೂ ನೆರಳಿತ್ತು. ಕೆಳಗೆ ಕೂತು ಮೆತ್ತಿದಲ್ಲಿ ಕಮಾನು ಅಗಲವಾಗಿತ್ತು. ಮೇಲೆ ತುದಿಗಾಲಲ್ಲಿ ನಿಂತು ಮೆತ್ತಿದಲ್ಲಿ ಕೈ ಸೋತು ಗೆರೆ ತೆಳುವಾಗಿತ್ತು. ಹುಡುಗಿಯ ಎತ್ತರ ಎಷ್ಟಿತ್ತೆಂದು ಅಲ್ಲಿಗೇ ತಿಳಿಯುತ್ತಿತ್ತು. ಎಲ್ಲ ಕಡೆಯೂ ಮೂರು ಗೆರೆ ಉದ್ದ, ಒಂದು ಗಿಡ್ಡ. ಒಂದು ಮೂಲೆಯಲ್ಲಿ ಕೈ ಒರೆಸಿಕೊಂಡಂತೆ ಇಡೀ ಅಂಗೈ ಒತ್ತಿತ್ತು. ನನಗೆ ಅಳು ಬಂತು.

ಆಳುಗಳು ಬುಟ್ಟಿ ಕೆಳಗಿಟ್ಟು ಹಿಂದೆ ಸರಿದರು. ಶರಣಪ್ಪನೂ ಇಳಿದು ಬಂದು ಖಾಸಿಂ ಪಕ್ಕ ನಿಂತ. ನಾನು ಕ್ಯಾಮರಾ ಸರಿಮಾಡಿಕೊಂಡು, ಆ ಪ್ರವಾಸದಲ್ಲಿ ಯಾರಿಗೂ ಹೇಳದಿದ್ದ ಮಾತು ಹೇಳಿದೆ.

"ಅಮ್ಮಾ, ನೀವು ಗೋಡೆ ಮುಂದೆ ನಿಂತ್ಕೊಳ್ಳಿ."

"ನಾ ಯಾಕ್ರಿ?" ಎಂದು ನೀಲಮ್ಮ ಎದ್ದು, ಚಿತ್ರಕ್ಕೆ ಅಡ್ಡವಾಗದಂತೆ ನನ್ನ ಹಿಂದೆ ಬಂದು ನಿಂತರು. "ಆಕಿ ಒಬ್ಬಾಕಿ ಬರ್ಲಿ."

ಉಸಿರು ಬಿಗಿಹಿಡಿದು ಒತ್ತಿದೆ. ಆಮೇಲೆ ಅವರಿಗೆ ಕೇಳಿಸಲೆಂದೇ ನಿಧಾನವಾಗಿ ಫಿಲ್ಮು ಸುತ್ತಿದೆ. ಆ ಮಣ್ಣು ಧೂಳಿನ ನಡುವೆ ಕರ್ರ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು.

"ಈಗ ಬಂದ್ಲು" ಎಂದರು ನೀಲಮ್ಮ. ಮಗನ ಕಡೆ ತಿರುಗಿ, ಇನ್ನು ಕೆಡವ್ರಿ ಎಂದು ಕೈಸನ್ನೆ ಮಾಡಿ, ನಮಗೆ ಚಹಾ ಇಡಲು ಹೋದರು.